ರೋಬೋಟ್ ಕೈಗೆ ಲೆಕ್ಕ ಹೇಳಿಕೊಡುವುದು: ಕಾಫಿ ಕಣದ ಎರಡು ಪಟ್ಟಿಯಿಂದ ಆರು ಕೀಲಿನ ಕೈವರೆಗೆ

ಡಿಸೆಂಬರಿನಲ್ಲಿ ಕಾಫಿ ಕೊಯ್ಯುವವರ ಪಕ್ಕ ಐದು ನಿಮಿಷ ನಿಂತು ಅವರ ಕೈಯನ್ನಷ್ಟೇ ನೋಡಿ. ಎಡಗೈ ಕೊಂಬೆಯನ್ನು ಬಗ್ಗಿಸಿ ಹಿಡಿದಿರುತ್ತದೆ. ಬಲಗೈ ಗೊಂಚಲಿಗೆ ಹೋಗಿ, ಕೆಂಪು ಹಣ್ಣನ್ನು ಬಿಡಿಸಿ, ಹಸಿರು ಕಾಯಿಯನ್ನು ಅಲ್ಲೇ ಬಿಟ್ಟು, ಮುಂದಿನದಕ್ಕೆ ಹೊರಟಿರುತ್ತದೆ. ಕಣ್ಣು ಹಣ್ಣಿನ ಮೇಲೆ ಮಾತ್ರ. ಭುಜ ಎಷ್ಟು ತಿರುಗಿತು, ಮೊಣಕೈ ಎಷ್ಟು ಮಡಚಿತು ಅಂತ ಯಾರೂ ಯೋಚಿಸುವುದಿಲ್ಲ.

ರೋಬೋಟ್ ಕೈಗೆ ಇದು ತಾನಾಗಿ ಬರುವುದಿಲ್ಲ. ಅದರ ಮೋಟಾರಿಗೆ ಗೊತ್ತಿರುವುದು ಕೋನ ಒಂದೇ. "ಹಣ್ಣು ಅಲ್ಲಿದೆ" ಅಂದರೆ ಅದಕ್ಕೆ ತಿಳಿಯುವುದಿಲ್ಲ, "ಭುಜ 55 ಡಿಗ್ರಿ, ಮೊಣಕೈ ಮೈನಸ್ 80 ಡಿಗ್ರಿ" ಅಂದರೆ ತಿಳಿಯುತ್ತದೆ. ಕೋನಗಳನ್ನು ಕೊಟ್ಟರೆ ಕೈಯ ತುದಿ ಎಲ್ಲಿದೆ ಅಂತ ಹೇಳುವ ಲೆಕ್ಕವೇ ಫಾರ್ವರ್ಡ್ ಕೈನೆಮ್ಯಾಟಿಕ್ಸ್. ತುದಿ ಇಂಥ ಕಡೆ ಇರಬೇಕು ಅಂತ ಕೊಟ್ಟರೆ ಕೋನ ಎಷ್ಟೆಷ್ಟು ಅಂತ ಹೇಳುವುದು ಇನ್ವರ್ಸ್ ಕೈನೆಮ್ಯಾಟಿಕ್ಸ್. ಮುಂದೆ ಎಫ್‌ಕೆ, ಐಕೆ ಅಂತ ಚಿಕ್ಕದಾಗಿ ಬರೆಯುತ್ತೇನೆ.

ಹುತ್ತರಿ ರಜೆಗೆ ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಬಂದ ಅಕ್ಕನ ಮಗ ಒಂದು ಚಿಕ್ಕ ರೋಬೋಟ್ ಕೈ ತಂದಿದ್ದ. ಸೆಕೆಂಡ್ ಪಿಯು ಹುಡುಗ, ತ್ರಿಕೋನಮಿತಿ ಚೆನ್ನಾಗಿ ಗೊತ್ತು. "ಮಾಮ, ಫಾರ್ಮುಲಾ ಎಲ್ಲಾ ಸರಿ ಇದೆ, ಕೈ ಮಾತ್ರ ಬೇರೆಲ್ಲೋ ಹೋಗ್ತದೆ" ಅಂದ. ಅವನ ಫಾರ್ಮುಲಾ ನಿಜವಾಗಿಯೂ ಸರಿಯಾಗಿತ್ತು. ತಪ್ಪು ಇದ್ದದ್ದು ಫಾರ್ಮುಲಾಕ್ಕೂ ಮರದ ಪಟ್ಟಿಗೂ ನಡುವೆ. ಅದನ್ನು ಹುಡುಕಲು ನಮಗೆ ಮೂರು ಸಂಜೆ ಬೇಕಾಯಿತು. ಆ ಮೂರು ಸಂಜೆಯಲ್ಲಿ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ: ಐಕೆ ಕೊಟ್ಟ ಉತ್ತರವನ್ನು ಎಫ್‌ಕೆಗೆ ವಾಪಸ್ ಹಾಕಿ ನೋಡದೆ ಯಾವತ್ತೂ ಮೋಟಾರಿಗೆ ಕಳಿಸಬೇಡಿ.

ಮೊದಲು ಕಣದಲ್ಲಿ, ಮೋಟಾರ್ ಇಲ್ಲದೆ

ಕಂಪ್ಯೂಟರ್ ಮುಚ್ಚಿಡಿ. ಎರಡು ಮರದ ಪಟ್ಟಿ, ಎರಡು ಮೊಳೆ, ಒಂದು ಚಾಕ್‌ಪೀಸ್, ಒಂದು ಕೋನಮಾಪಕ, ಒಂದು ಟೇಪು ತಗೊಳ್ಳಿ. ಕಾಫಿ ಹರಡದೆ ಖಾಲಿ ಇರುವ ಸಿಮೆಂಟ್ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯ ಬೋರ್ಡ್ ಬೇರೆ ಇಲ್ಲ. ಇಲ್ಲದಿದ್ದರೆ ಒಂದು ಪ್ಲೈವುಡ್ ಹಲಗೆ ಸಾಕು.

ಮೊದಲ ಪಟ್ಟಿಯಲ್ಲಿ ತೂತಿನಿಂದ ತೂತಿಗೆ 20 ಸೆಂಟಿಮೀಟರ್ ಇರಲಿ. ಎರಡನೆಯದರಲ್ಲಿ ತೂತಿನಿಂದ ತುದಿಗೆ 15. ಇವನ್ನು ಉ1, ಉ2 ಅನ್ನೋಣ. ಅಳತೆ ತೂತಿನ ನಡುವಿನಿಂದ ತೂತಿನ ನಡುವಿಗೆ ಇರಬೇಕು, ಪಟ್ಟಿಯ ಅಂಚಿನಿಂದ ಅಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆಯಿರಿ. ಅಡ್ಡಗೆರೆ ಎಕ್ಸ್, ಉದ್ದಗೆರೆ ವೈ. ಎರಡೂ ಕೂಡುವ ಕಡೆ ಮೊದಲ ಪಟ್ಟಿಯ ಒಂದು ತೂತನ್ನು ಮೊಳೆಯಿಂದ ನಿಲ್ಲಿಸಿ. ಇದು ಭುಜ. ಅದರ ಇನ್ನೊಂದು ತೂತಿಗೆ ಎರಡನೇ ಪಟ್ಟಿಯನ್ನು ಮೊಳೆ ಹಾಕಿ ಸೇರಿಸಿ. ಇದು ಮೊಣಕೈ.

ಕೋನ ಎಲ್ಲಿಂದ ಅಳೆಯುತ್ತೀರಿ ಎಂಬುದನ್ನು ಈಗಲೇ ತೀರ್ಮಾನಿಸಬೇಕು. ಭುಜದ ಕೋನ ಕೋ1, ಎಕ್ಸ್ ಗೆರೆಯಿಂದ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ತಿರುಗಿದಷ್ಟು. ಬಲಕ್ಕೆ ತಿರುಗಿದರೆ ಮೈನಸ್. ಮೊಣಕೈ ಕೋನ ಕೋ2 ಮಾತ್ರ ನೆಲದ ಗೆರೆಯಿಂದ ಅಲ್ಲ, ಮೊದಲ ಪಟ್ಟಿಯ ನೇರದಿಂದ. ಎರಡೂ ಪಟ್ಟಿ ಒಂದೇ ನೇರಕ್ಕೆ ಚಾಚಿಕೊಂಡಿದ್ದರೆ ಕೋ2 ಸೊನ್ನೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮೊಣಕೈಗೆ ಭುಜ ಎಷ್ಟು ತಿರುಗಿದೆ ಅಂತ ಗೊತ್ತಿಲ್ಲ, ತಾನು ಎಷ್ಟು ಮಡಚಿದ್ದೇನೆ ಅಂತ ಮಾತ್ರ ಗೊತ್ತು. ಹಾಗಾಗಿ ಎರಡನೇ ಪಟ್ಟಿ ನೆಲದ ಗೆರೆಗೆ ಎಷ್ಟು ಕೋನದಲ್ಲಿದೆ ಅಂತ ಬೇಕಾದರೆ ಎರಡನ್ನೂ ಕೂಡಬೇಕು, ಕೋ1 + ಕೋ2.

ಇಷ್ಟು ಗೊತ್ತಾದರೆ ಎಫ್‌ಕೆ ನಿಮ್ಮ ಕೈಗೆ ಬಂದ ಹಾಗೆಯೇ. ಭುಜದಿಂದ ಮೊಣಕೈಗೆ ಎಷ್ಟು ದೂರ, ಮೊಣಕೈಯಿಂದ ತುದಿಗೆ ಎಷ್ಟು ದೂರ, ಎರಡನ್ನೂ ಕೂಡಿದರೆ ಮುಗಿಯಿತು.

ಎಕ್ಸ್ = ಉ1 × ಕಾಸ್(ಕೋ1) + ಉ2 × ಕಾಸ್(ಕೋ1 + ಕೋ2)
ವೈ = ಉ1 × ಸೈನ್(ಕೋ1) + ಉ2 × ಸೈನ್(ಕೋ1 + ಕೋ2)

ಭುಜ 30 ಡಿಗ್ರಿ, ಮೊಣಕೈ 45 ಡಿಗ್ರಿ ಇಟ್ಟು ನೋಡಿ. ಎಕ್ಸ್ ಅಂದರೆ 17.32 + 3.88 = 21.20. ವೈ ಅಂದರೆ 10 + 14.49 = 24.49. ಈಗ ಕೋನಮಾಪಕ ಇಟ್ಟು ಪಟ್ಟಿಗಳನ್ನು ಅದೇ ಕೋನಕ್ಕೆ ತಿರುಗಿಸಿ. ತುದಿ ಇರುವ ಕಡೆ ಚಾಕ್‌ಪೀಸಿನ ಚುಕ್ಕೆ ಹಾಕಿ, ಟೇಪಿನಲ್ಲಿ ಅಳೆಯಿರಿ. ನಮಗೆ 21 ಮತ್ತು 24 ಮುಕ್ಕಾಲು ಬಂತು. ಕೋನಮಾಪಕ ಹಿಡಿದ ಕೈ ಅಷ್ಟು ಅಲುಗಾಡಿರುತ್ತದೆ, ಪರವಾಗಿಲ್ಲ. ನಿಮಗೆ 5 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಕೋ2 ಅನ್ನು ತಪ್ಪು ಗೆರೆಯಿಂದ ಅಳೆದಿದ್ದೀರಿ ಅಂತಲೇ ಅರ್ಥ.

ಕಂಪ್ಯೂಟರಿನಲ್ಲಿ ಬರೆಯುವಾಗ ಇನ್ನೊಂದು ವಿಷಯ. ಪೈಥಾನ್ ಇರಲಿ, ಆರ್ಡುಯಿನೋ ಇರಲಿ, ಸೈನ್, ಕಾಸ್‌ಗಳು ಕೇಳುವುದು ರೇಡಿಯನ್. ಡಿಗ್ರಿಯನ್ನು 3.14159ರಿಂದ ಗುಣಿಸಿ 180ರಿಂದ ಭಾಗಿಸಿ ಒಳಗೆ ಹಾಕಿ, ಹೊರಗೆ ಬರುವಾಗ ಉಲ್ಟಾ ಮಾಡಿ.

ಈಗ ಉಲ್ಟಾ: ಚುಕ್ಕೆ ಮೊದಲು, ಕೋನ ಆಮೇಲೆ

ನೆಲದ ಮೇಲೆ ಎಕ್ಸ್ 25, ವೈ 10 ಇರುವ ಕಡೆ ಒಂದು ಕಾಫಿ ಹಣ್ಣು ಇಡಿ. ಪಟ್ಟಿಯ ತುದಿಯನ್ನು ಕೈಯಿಂದ ಹಿಡಿದು ಹಣ್ಣಿಗೆ ಮುಟ್ಟಿಸಿ. ಮೊಣಕೈ ಒಂದು ಕಡೆಗೆ ಚಾಚಿಕೊಂಡಿದೆ, ಅಲ್ವಾ? ಈಗ ತುದಿಯನ್ನು ಹಣ್ಣಿನ ಮೇಲೆಯೇ ಒತ್ತಿ ಹಿಡಿದು, ಮೊಣಕೈಯನ್ನು ಇನ್ನೊಂದು ಪಕ್ಕಕ್ಕೆ ತರಲು ನೋಡಿ. ಹಣ್ಣು ಬಿಡದೆ ಆಗುವುದಿಲ್ಲ. ತುದಿ ಎತ್ತಿ, ಮೊಣಕೈಯನ್ನು ಆಚೆಗೆ ಮಡಚಿ, ಮತ್ತೆ ಮುಟ್ಟಿಸಿ. ಮುಟ್ಟುತ್ತದೆ. ಹಣ್ಣು ಒಂದೇ, ಮುಟ್ಟುವ ರೀತಿ ಎರಡು. ಎಫ್‌ಕೆಗೆ ಉತ್ತರ ಒಂದೇ ಇರುತ್ತದೆ. ಐಕೆಗೆ ಎರಡು ಇರಬಹುದು, ಒಂದಿರಬಹುದು, ಒಂದೂ ಇಲ್ಲದೆಯೂ ಇರಬಹುದು. ಐಕೆಯ ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದಲೇ.

ಲೆಕ್ಕ ಹೀಗೆ. ಭುಜದಿಂದ ಹಣ್ಣಿಗೆ ಒಂದು ಗೆರೆ ಎಳೆಯಿರಿ. ಉ1, ಉ2 ಮತ್ತು ಈ ಗೆರೆ ಸೇರಿ ಒಂದು ತ್ರಿಕೋನ. ಮೂರು ಬಾಹು ಗೊತ್ತಿದ್ದರೆ ಕೋನ ಸಿಗುತ್ತದೆ, ಹೈಸ್ಕೂಲು ದಾಟಿದವರಿಗೆ ಕೊಸೈನ್ ನಿಯಮ ನೆನಪಿರುತ್ತದೆ.

ಕಾಸ್(ಕೋ2) = (ಎಕ್ಸ್² + ವೈ² − ಉ1² − ಉ2²) ÷ (2 × ಉ1 × ಉ2)

ನಮ್ಮ ಹಣ್ಣಿಗೆ ಎಕ್ಸ್² + ವೈ² ಅಂದರೆ 725. ಅದರಲ್ಲಿ 400, 225 ಕಳೆದರೆ 100. ಕೆಳಗಡೆ 600. ಹಾಗಾದರೆ ಕಾಸ್(ಕೋ2) 0.1667, ಕೋ2 ಅಂದರೆ 80.41 ಡಿಗ್ರಿ. ಆದರೆ ಮೈನಸ್ 80.41ರ ಕಾಸ್ ಕೂಡ ಅಷ್ಟೇ! ಆ ಎರಡು ಮೊಣಕೈಗಳು ಗಣಿತದಲ್ಲಿ ಕಾಣುವುದು ಈ ಪ್ಲಸ್ಸು ಮೈನಸ್ಸಾಗಿ.

ಭುಜಕ್ಕೆ ಎರಡು ಕೋನ ಬೇಕು. ಹಣ್ಣು ಯಾವ ದಿಕ್ಕಿನಲ್ಲಿದೆ ಎಂಬುದು ಒಂದು. ಮೊಣಕೈ ಮಡಚಿದ್ದರಿಂದ ಆ ದಿಕ್ಕಿನಿಂದ ಎಷ್ಟು ಪಕ್ಕಕ್ಕೆ ಸರಿಯಬೇಕು ಎಂಬುದು ಇನ್ನೊಂದು. ಕೆಳಗಿನ ಏಟ್ಯಾನ್2 ಅಂದರೆ ವೈ, ಎಕ್ಸ್ ಕೊಟ್ಟರೆ ದಿಕ್ಕಿನ ಕೋನ ಹೇಳುವ ಫಂಕ್ಷನ್.

ಕೋ1 = ಏಟ್ಯಾನ್2(ವೈ, ಎಕ್ಸ್) − ಏಟ್ಯಾನ್2(ಉ2 × ಸೈನ್(ಕೋ2), ಉ1 + ಉ2 × ಕಾಸ್(ಕೋ2))

ಮೊದಲನೆಯದು 21.80 ಡಿಗ್ರಿ. ಎರಡನೆಯದು 33.32. ಕೋ2 ಪ್ಲಸ್ ಆದರೆ ಕೋ1 ಅಂದರೆ ಮೈನಸ್ 11.52. ಕೋ2 ಮೈನಸ್ ಆದರೆ ಎರಡನೆಯ ಕೋನವೂ ಮೈನಸ್ ಆಗಿ, ಕೋ1 ಅಂದರೆ 55.12.

ಈಗ ವಾಪಸ್ ಹಾಕಿ ನೋಡುವ ಕೆಲಸ. 55.12 ಮತ್ತು ಮೈನಸ್ 80.41 ಅನ್ನು ಎಫ್‌ಕೆಗೆ ಕೊಡಿ. ಎಕ್ಸ್ ಅಂದರೆ 11.44 + 13.56 = 25.00. ವೈ ಅಂದರೆ 16.41 − 6.41 = 10.00. ಹಣ್ಣು ಇದ್ದದ್ದು ಅಲ್ಲೇ. ಇನ್ನೊಂದು ಜೋಡಿಯನ್ನೂ ಹಾಕಿ, ಅದೂ ಅಲ್ಲಿಗೇ ಬರುತ್ತದೆ. ನಿಮ್ಮ ಕೋಡಿನಲ್ಲಿ ಐಕೆ ಬರೆದ ತಕ್ಷಣ ಮಾಡಬೇಕಾದ ಪರೀಕ್ಷೆ ಇದು. ಕೈ ತಲುಪುವ ಜಾಗದಲ್ಲಿ ಒಂದು ಸಾವಿರ ಚುಕ್ಕೆಗಳನ್ನು ಎಲ್ಲೆಲ್ಲೋ ಹುಟ್ಟಿಸಿ, ಪ್ರತಿಯೊಂದಕ್ಕೂ ಐಕೆ ಮಾಡಿ, ಬಂದ ಕೋನವನ್ನು ಎಫ್‌ಕೆಗೆ ಹಾಕಿ, ಚುಕ್ಕೆ ವಾಪಸ್ ಬಂತಾ ನೋಡಿ. ಹತ್ತು ಸಾಲಿನ ಕೆಲಸ. ಇದೊಂದು ಇದ್ದಿದ್ದರೆ ಫಾರ್ಮುಲಾ ಸರಿಯಿದೆ ಅಂತ ಆಗಲೇ ಗೊತ್ತಾಗಿ ನಮ್ಮ ಮೊದಲ ಸಂಜೆ ಉಳಿಯುತ್ತಿತ್ತು.

ಏಟ್ಯಾನ್2 ಯಾಕೆ, ಸಾದಾ ಏಟ್ಯಾನ್ ಯಾಕೆ ಅಲ್ಲ? ಎಕ್ಸ್ 10, ವೈ 10 ಇದ್ದರೆ ಭಾಗಾಕಾರ 1. ಎರಡೂ ಮೈನಸ್ 10 ಇದ್ದರೂ ಭಾಗಾಕಾರ 1. ಒಂದು ಹಣ್ಣು ಮುಂದೆ, ಇನ್ನೊಂದು ಬೆನ್ನ ಹಿಂದೆ, ಸಾದಾ ಏಟ್ಯಾನ್ ಎರಡಕ್ಕೂ 45 ಡಿಗ್ರಿ ಅನ್ನುತ್ತದೆ. ಏಟ್ಯಾನ್2 ಎರಡು ಚಿಹ್ನೆಯನ್ನೂ ಬೇರೆಬೇರೆ ನೋಡುವುದರಿಂದ ಮೋಸ ಹೋಗುವುದಿಲ್ಲ.

ತಲುಪದ ಜಾಗದ ಮಾತು. ಎರಡೂ ಪಟ್ಟಿ ಚಾಚಿದರೆ 35 ಸೆಂಟಿಮೀಟರ್, ಪೂರ್ತಿ ಮಡಚಿದರೆ 5. ಹಣ್ಣು 5 ಮತ್ತು 35ರ ನಡುವಿನ ಬಳೆಯಂಥ ಜಾಗದಲ್ಲಿದ್ದರೆ ಮಾತ್ರ ಉತ್ತರ ಉಂಟು. ಅದರ ಆಚೆ ಇದ್ದರೆ ಆ ಕಾಸ್ ಲೆಕ್ಕ 1ಕ್ಕಿಂತ ಜಾಸ್ತಿ ಅಥವಾ ಮೈನಸ್ 1ಕ್ಕಿಂತ ಕಮ್ಮಿ ಬರುತ್ತದೆ, ಪೈಥಾನ್ ಪ್ರೋಗ್ರಾಮು ಎರರ್ ಕೊಟ್ಟು ನಿಲ್ಲುತ್ತದೆ. ಸರಿಯಾಗಿ 35ರಲ್ಲಿ ಇದ್ದರೂ ಕೆಲವೊಮ್ಮೆ ದಶಮಾಂಶದ ಕೊನೆಯಲ್ಲಿ ಚೂರು ಏರಿ 1.0000000000000002 ಆಗಿ ಅದೇ ಎರರ್ ಬರುತ್ತದೆ. ಹಾಗಾಗಿ ಮೊದಲು ದೂರ ನೋಡಿ ತಲುಪುವುದಿಲ್ಲ ಅಂತಾದರೆ ಬಿಡಿ, ತಲುಪುತ್ತದೆ ಅಂತಾದರೆ ಆ ಸಂಖ್ಯೆಯನ್ನು ಮೈನಸ್ 1ರಿಂದ 1ರೊಳಗೆ ಕಟ್ಟಿಹಾಕಿ ಮುಂದೆ ಹೋಗಿ.

ನೇರ ಗೆರೆ ನೇರ ಬರುವುದಿಲ್ಲ

ಒಂದು ಹಣ್ಣಿನಿಂದ ಇನ್ನೊಂದಕ್ಕೆ ತುದಿ ನೇರ ಹೋಗಬೇಕು. ಎರಡೂ ತುದಿಗೆ ಐಕೆ ಮಾಡಿ, ನಡುವೆ ಕೋನಗಳನ್ನು ಸಮನಾಗಿ ಬದಲಿಸಿದರೆ ಸಾಕಲ್ವಾ ಅಂತ ಅನಿಸುತ್ತದೆ. ಸಾಲುವುದಿಲ್ಲ. ನೆಲದ ಮೇಲಿನ ಪಟ್ಟಿಗಳಲ್ಲೇ ನೋಡಿ. 25, 10ರಿಂದ 25, ಮೈನಸ್ 10ಕ್ಕೆ ಹೋಗಬೇಕು. ಎರಡೂ ಕಡೆ ಕೋ2 ಅದೇ ಮೈನಸ್ 80.41, ಯಾಕೆಂದರೆ ಭುಜದಿಂದ ದೂರ ಒಂದೇ. ಭುಜ ಮಾತ್ರ 55.12ರಿಂದ 11.52ಕ್ಕೆ ತಿರುಗುತ್ತದೆ. ಅಂದರೆ ತುದಿ ಸುಮ್ನೆ ವೃತ್ತದ ತುಂಡಿನಲ್ಲಿ ಸುತ್ತುತ್ತದೆ. ನಡುವೆ ಅದು 25, 0ಯಲ್ಲಿ ಇರಬೇಕಿತ್ತು, ಇರುವುದು 26.93, 0ಯಲ್ಲಿ. ಹೆಚ್ಚುಕಮ್ಮಿ 2 ಸೆಂಟಿಮೀಟರ್ ಹೊರಗೆ ಉಬ್ಬಿತು. ನಡುವೆ ಏನಾದರೂ ಇಟ್ಟಿದ್ದರೆ ತಳ್ಳಿಬಿಡುತ್ತಿತ್ತು.

ಪರಿಹಾರ ಸುಲಭ. ಗೆರೆಯನ್ನು ಅರ್ಧ ಅರ್ಧ ಸೆಂಟಿಮೀಟರಿಗೆ ತುಂಡು ಮಾಡಿ, ಪ್ರತಿ ತುಂಡಿಗೂ ಐಕೆ ಮಾಡಿ. ಆದರೆ ಎಲ್ಲಾ ತುಂಡಿಗೂ ಅದೇ ಮೊಣಕೈ ಆರಿಸಿ. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಆಯಿತೋ, ಕೈ ನಡುದಾರಿಯಲ್ಲಿ ಒಮ್ಮೆಲೇ ಒದರಿಕೊಳ್ಳುತ್ತದೆ.

ನೆಲದಿಂದ ಮೇಲಕ್ಕೆ: ಮೂರು ಕೀಲಿನ ಕೈ

ಈಗ ಆ ಎರಡು ಪಟ್ಟಿಯನ್ನು ಎತ್ತಿ ನಿಲ್ಲಿಸಿ, ಕೆಳಗೆ ತಿರುಗುವ ಒಂದು ಪೀಠ ಇಟ್ಟರೆ ಮೂರು ಕೀಲಿನ ಕೈ ಆಯಿತು. ಹುಡುಗನ ಕೈಯೂ ಅಂಥದ್ದೇ. ಹೊಸ ಗಣಿತ ಏನೂ ಬೇಡ. ಮೇಲಿಂದ ನೋಡಿದರೆ ಪೀಠ ಹಣ್ಣಿನ ದಿಕ್ಕಿಗೆ ತಿರುಗುತ್ತದೆ, ಪಕ್ಕದಿಂದ ನೋಡಿದರೆ ಅದೇ ಹಳೆಯ ಎರಡು ಪಟ್ಟಿ.

ಹಣ್ಣು ಎಕ್ಸ್ 20, ವೈ 15, ಎತ್ತರ 16ರಲ್ಲಿದೆ, ಭುಜದ ಕೀಲು ಮೇಜಿನಿಂದ 6 ಸೆಂಟಿಮೀಟರ್ ಎತ್ತರದಲ್ಲಿದೆ ಅನ್ನಿ. ಪೀಠದ ಕೋನ ಏಟ್ಯಾನ್2(15, 20), ಅಂದರೆ 36.87 ಡಿಗ್ರಿ. ಅಡ್ಡ ದೂರ 20² + 15²ರ ವರ್ಗಮೂಲ, ಅಂದರೆ 25. ಭುಜದಿಂದ ಎತ್ತರ 16 − 6 = 10. ಮತ್ತೆ 25, 10! ಆಗಲೇ ಮಾಡಿದ ಲೆಕ್ಕ.

ಆದರೆ ಈ ಸಲ ಎರಡು ಉತ್ತರದಲ್ಲಿ ಆಯ್ಕೆ ಮಾಡಲು ಕಾರಣ ಇದೆ. ಕೋ1 ಮೈನಸ್ 11.52 ಆದರೆ ಮೊಣಕೈ ಭುಜಕ್ಕಿಂತ 4 ಸೆಂಟಿಮೀಟರ್ ಕೆಳಗೆ ಇರುತ್ತದೆ. ಮೇಜಿನಿಂದ 2 ಸೆಂಟಿಮೀಟರ್ ಮಾತ್ರ ಮೇಲೆ. ಅಲ್ಲಿ ಸರ್ವೋದ (ಕೀಲು ತಿರುಗಿಸುವ ಚಿಕ್ಕ ಮೋಟಾರಿನ) ಡಬ್ಬಿಯೇ ಮೇಜಿಗೆ ತಾಗುತ್ತದೆ. 55.12 ಆದರೆ ಮೊಣಕೈ ಭುಜಕ್ಕಿಂತ 16 ಸೆಂಟಿಮೀಟರ್ ಮೇಲೆ, ಆರಾಮವಾಗಿ. ಮೊಣಕೈ ಮೇಲಿರುವ ಉತ್ತರ ಆರಿಸಿ.

ಗಣಿತ ಸರಿ, ಕೈ ತಪ್ಪು: ಸರ್ವೋ ಹೊಂದಿಸುವುದು

ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅತಿ ಮುಖ್ಯ ಭಾಗ ಇದೇ. ಇದನ್ನು ಹೇಳಿಕೊಡುವವರು ಕಮ್ಮಿ.

ಹವ್ಯಾಸಿ ಸರ್ವೋ, ಎಂಜಿ996ಆರ್ ಥರದ್ದು, 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್, ಅಂದರೆ ಚಿಕ್ಕ ವಿದ್ಯುತ್ ಸಂಕೇತ, ಕಾಯುತ್ತದೆ. ಆ ಪಲ್ಸ್ ಎಷ್ಟು ಉದ್ದ ಎಂಬುದೇ ಅದಕ್ಕೆ ಕೋನ. 1,500 ಮೈಕ್ರೋಸೆಕೆಂಡ್ ಅಂದರೆ ನಡು. ಉಳಿದದ್ದು ಒಂದೊಂದು ಸರ್ವೋದಲ್ಲಿ ಒಂದೊಂದು ಥರ. ಡಬ್ಬಿಯ ಮೇಲೆ 180 ಡಿಗ್ರಿ ಅಂತ ಬರೆದದ್ದನ್ನು ನಂಬಿ ಕೋಡು ಬರೆಯಬೇಡಿ. ಅಳೆಯಿರಿ.

ಒಂದು ಸರ್ವೋಗೆ 1,000 ಮೈಕ್ರೋಸೆಕೆಂಡ್ ಕೊಡಿ, ಪಟ್ಟಿ ಎಷ್ಟು ಡಿಗ್ರಿಯಲ್ಲಿ ನಿಂತಿತು ಅಂತ ಕೋನಮಾಪಕದಲ್ಲಿ ನೋಡಿ. 2,000 ಕೊಟ್ಟು ಮತ್ತೆ ನೋಡಿ. ನಮ್ಮ ಭುಜದ ಸರ್ವೋದಲ್ಲಿ 41 ಮತ್ತು 133 ಬಂತು. ಅಂದರೆ 92 ಡಿಗ್ರಿಗೆ 1,000 ಮೈಕ್ರೋಸೆಕೆಂಡ್, ಒಂದು ಡಿಗ್ರಿಗೆ 10.87. ಹಾಗಾದರೆ

ಪಲ್ಸ್ = 1000 + (ಕೋ1 − 41) × 10.87

55.12 ಡಿಗ್ರಿಗೆ ಇದು ಸುಮಾರು 1,153. ಹುಡುಗನ ಕೋಡಿನಲ್ಲಿ ಸೊನ್ನೆ ಡಿಗ್ರಿಗೆ 500, 180ಕ್ಕೆ 2,500 ಅಂತ ಇತ್ತು. ಆ ಲೆಕ್ಕದಲ್ಲಿ 55.12ಕ್ಕೆ ಹೋಗುತ್ತಿದ್ದ ಪಲ್ಸ್ 1,112. ಸುಮಾರು 4 ಡಿಗ್ರಿ ತಪ್ಪು. ಕೈ ಪೂರ್ತಿ ಚಾಚಿದಾಗ ಭುಜದಲ್ಲಿ ಒಂದು ಡಿಗ್ರಿ ತಪ್ಪಿದರೆ ತುದಿಯಲ್ಲಿ 6 ಮಿಲಿಮೀಟರ್ ತಪ್ಪುತ್ತದೆ. 4 ಡಿಗ್ರಿ ಅಂದರೆ 2 ಸೆಂಟಿಮೀಟರ್ ದಾಟಿತು. ಕಾಫಿ ಹಣ್ಣಿನ ಗಾತ್ರಕ್ಕಿಂತ ಜಾಸ್ತಿ.

ಇನ್ನೊಂದು ತಪ್ಪು ಹಾರ್ನ್‌ನಲ್ಲಿ ಇರುತ್ತದೆ, ಸರ್ವೋದ ತಲೆಗೆ ಕೂರಿಸುವ ಆ ಪ್ಲಾಸ್ಟಿಕ್ ತುಂಡು. ಎಂಜಿ996ಆರ್ ತಲೆಯಲ್ಲಿ 25 ಹಲ್ಲು. ಒಂದು ಹಲ್ಲು ಸರಿದರೆ 14.4 ಡಿಗ್ರಿ. ಅಂದರೆ ಹಾರ್ನ್ ಅನ್ನು ಸರಿಯಾಗಿ ಸೊನ್ನೆಗೆ ಕೂರಿಸಲು ಹೆಚ್ಚಾಗಿ ಆಗುವುದಿಲ್ಲ. ಹತ್ತಿರದ ಹಲ್ಲಿಗೆ ಕೂರಿಸಿ, ಉಳಿದ ವ್ಯತ್ಯಾಸವನ್ನು ಮೇಲಿನ ಹಾಗೆ ಅಳೆದು ಕೋಡಿನಲ್ಲಿ ಸರಿ ಮಾಡಿ. ಮೊಣಕೈ ಸರ್ವೋವನ್ನು ಉಲ್ಟಾ ಕೂರಿಸಿದ್ದರೆ ಪಲ್ಸ್ ಜಾಸ್ತಿಯಾದಂತೆ ಕೋನ ಕಮ್ಮಿಯಾಗುತ್ತದೆ. ಎರಡು ಕಡೆ ಅಳೆದರೆ ಅದೂ ತಾನಾಗಿ ಗೊತ್ತಾಗುತ್ತದೆ.

ಪಟ್ಟಿಯ ಉದ್ದವನ್ನು ತೂತಿನ ನಡುವಿನಿಂದ ಅಳೆಯಿರಿ ಅಂದಿದ್ದೆನಲ್ಲ. ನಾನೇ ಎರಡನೇ ಪಟ್ಟಿಯನ್ನು ಸರ್ವೋ ಡಬ್ಬಿಯ ನಡುವಿನಿಂದ ಅಳೆದು 15 ಅಂತ ಬರೆದುಕೊಟ್ಟಿದ್ದೆ. ಸರ್ವೋದ ತಿರುಗುವ ತಲೆ ಡಬ್ಬಿಯ ನಡುವಿನಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ನಿಜವಾದ ಉದ್ದ 14ಕ್ಕೆ ಹತ್ತಿರ ಇತ್ತು. ಎರಡನೇ ಸಂಜೆ ಪೂರ್ತಿ ಹೋದದ್ದು ಅದನ್ನು ಹುಡುಕಲು. ಆಮೇಲೆ ಪಟ್ಟಿಯಲ್ಲಿ ಹೊಸ ತೂತು ಕೊರೆದು 15 ಮಾಡಿದೆವು. ಮಳೆಗಾಲದಲ್ಲಿ ಕೆಲಸ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು: ಜೂನಿನಿಂದ ಆಗಸ್ಟಿನವರೆಗೆ ನಮ್ಮ ಕಡೆಯ ಶೀತಕ್ಕೆ ಪ್ಲೈವುಡ್ ಉಬ್ಬಿ, ತೂತು ಬಿಗಿಯಾಗಿ, ಕೀಲು ಹಿಡಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಪಟ್ಟಿ ಸಿಕ್ಕರೆ ಅದನ್ನೇ ಬಳಸಿ.

ಕರೆಂಟ್ ವಿಷಯ ಕೂಡ. ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ ಇಂಥ ಸರ್ವೋ ಎಲ್ಲಿ ನಿಂತಿದೆ ಅಂತ ನಿಮ್ಮ ಕೋಡಿಗೆ ಗೊತ್ತಿರುವುದಿಲ್ಲ. ಮೊದಲ ಪಲ್ಸ್ ಬಂದ ತಕ್ಷಣ ಸರ್ವೋ ಆ ಪಲ್ಸ್ ಹೇಳಿದ ಕಡೆಗೆ ಪೂರ್ತಿ ವೇಗದಲ್ಲಿ ಹಾರುತ್ತದೆ. ಮುಖ ಹತ್ತಿರ ಇಟ್ಟುಕೊಂಡು ಕೂರಬೇಡಿ, ಮಕ್ಕಳನ್ನು ಕೂರಿಸಬೇಡಿ. ಕೈಯನ್ನು ಯಾವಾಗಲೂ ಒಂದೇ ಭಂಗಿಯಲ್ಲಿ ಮಡಚಿ ಇಟ್ಟು ಆಫ್ ಮಾಡಿ, ಶುರುವಾಗುವಾಗಲೂ ಅದೇ ಭಂಗಿಯ ಪಲ್ಸ್ ಕೊಡಿ.

ಫಾರ್ಮುಲಾ ಸಿಗದ ಕೈಗೆ: ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗುವುದು

ಎರಡು ಪಟ್ಟಿಗೆ ಫಾರ್ಮುಲಾ ಸಿಕ್ಕಿತು. ಕೀಲು ಜಾಸ್ತಿಯಾದರೆ, ಅಥವಾ ಕೀಲುಗಳು ಎಲ್ಲೆಲ್ಲೋ ಓರೆಯಾಗಿದ್ದರೆ, ಹೀಗೆ ಸುಲಭವಾಗಿ ಸಿಗುವುದಿಲ್ಲ. ಆಗ ಬೇರೆ ದಾರಿ. ಪ್ರತಿ ಕೀಲನ್ನು ಚೂರು ತಿರುಗಿಸಿದರೆ ತುದಿ ಯಾವ ಕಡೆ ಎಷ್ಟು ಸರಿಯುತ್ತದೆ ಅಂತ ನೋಡುವುದು, ಆ ಸಂಬಂಧವನ್ನು ಉಲ್ಟಾ ಮಾಡಿ ತುದಿ ಚೂರು ಸರಿಯಲು ಕೀಲು ಎಷ್ಟು ತಿರುಗಬೇಕು ಅಂತ ಕಂಡುಹಿಡಿಯುವುದು. ಆ ಸಂಬಂಧ ಬರೆದ ಕೋಷ್ಟಕಕ್ಕೆ ಜಾಕೋಬಿಯನ್ ಅನ್ನುತ್ತಾರೆ.

ನಮ್ಮ 30, 45 ಡಿಗ್ರಿಯ ಉದಾಹರಣೆಗೆ ವಾಪಸ್ ಬನ್ನಿ. ತುದಿ 21.20, 24.49ರಲ್ಲಿದೆ. ಭುಜ ಒಂದು ರೇಡಿಯನ್ ತಿರುಗುವ ವೇಗಕ್ಕೆ ತುದಿ ಎಕ್ಸ್‌ನಲ್ಲಿ ಮೈನಸ್ 24.49, ವೈಯಲ್ಲಿ 21.20 ಸರಿಯುತ್ತದೆ. ಇದು ಸುಮ್ನೆ ತುದಿಯ ಜಾಗವೇ, ಅದಲುಬದಲಾಗಿ ಒಂದಕ್ಕೆ ಮೈನಸ್ ಬಿದ್ದದ್ದು. ಮೊಣಕೈಗೆ ಅದೇ ರೀತಿ ಎರಡನೇ ಪಟ್ಟಿಯ ಪಾಲು ಮಾತ್ರ: ಮೈನಸ್ 14.49 ಮತ್ತು 3.88. ಈ ನಾಲ್ಕು ಸಂಖ್ಯೆಯೇ ಜಾಕೋಬಿಯನ್.

ತುದಿ ಎಕ್ಸ್ ಕಡೆ 1 ಸೆಂಟಿಮೀಟರ್ ಹೋಗಬೇಕು, ವೈ ಹಾಗೇ ಇರಬೇಕು. ಕೋಷ್ಟಕವನ್ನು ಉಲ್ಟಾ ಮಾಡಿದರೆ ಭುಜ 1.05 ಡಿಗ್ರಿ ಜಾಸ್ತಿ, ಮೊಣಕೈ 5.73 ಡಿಗ್ರಿ ಕಮ್ಮಿ ಅಂತ ಬರುತ್ತದೆ. ಹೊಸ ಕೋನಗಳನ್ನು ಎಫ್‌ಕೆಗೆ ಹಾಕಿದರೆ 22.19, 24.44. ಬೇಕಿದ್ದದ್ದು 22.20, 24.49. ಅರ್ಧ ಮಿಲಿಮೀಟರ್ ತಪ್ಪು. ಹೊಸ ಜಾಗದಿಂದ ಮತ್ತೆ ಅದೇ ಲೆಕ್ಕ ಮಾಡಿ, ಆ ಅರ್ಧವೂ ಹೋಗುತ್ತದೆ. ಹೀಗೆ ತಪ್ಪು ಸಾಕಷ್ಟು ಚಿಕ್ಕದಾಗುವವರೆಗೆ ಸುತ್ತುತ್ತಿರಬೇಕು. ನೋಡಿ, ಇಲ್ಲಿಯೂ ಪ್ರತಿ ಸುತ್ತಿನಲ್ಲಿ ಎಫ್‌ಕೆಯೇ ಬಂದು ತೀರ್ಪು ಹೇಳುತ್ತದೆ.

ಈ ದಾರಿಗೆ ಒಂದು ಅಪಾಯವಿದೆ. ಕಾಳುಮೆಣಸು ಕೊಯ್ಯುವಾಗ ಏಣಿಯ ಮೇಲೆ ನಿಂತು ಸಿಲ್ವರ್ ಓಕ್ ಮರದ ಆಚೆಯ ಬಳ್ಳಿಗೆ ಕೈ ಪೂರ್ತಿ ಚಾಚಿ ನೋಡಿದ್ದೀರಾ? ಮೊಣಕೈ ನೇರವಾದ ಮೇಲೆ ಕೈಯನ್ನು ಅತ್ತಿತ್ತ ಆಡಿಸಬಹುದು, ಒಂದು ಬೆರಳು ಮುಂದೆ ಹೋಗಲು ಮಾತ್ರ ಆಗುವುದಿಲ್ಲ. ರೋಬೋಟ್ ಕೈಗೂ ಇದೇ ಸ್ಥಿತಿ, ಹೆಸರು ಸಿಂಗ್ಯುಲಾರಿಟಿ. ನಮ್ಮ ಕೈಗೆ ಜಾಕೋಬಿಯನ್‌ನ ಡಿಟರ್ಮಿನೆಂಟ್ ಅಂದರೆ ಉ1 × ಉ2 × ಸೈನ್(ಕೋ2). ಮೊಣಕೈ 90ರಲ್ಲಿದ್ದರೆ 300. 5 ಡಿಗ್ರಿಗೆ ಬಂದರೆ 26. ಪೂರ್ತಿ ನೇರವಾದರೆ ಸೊನ್ನೆ. ಉಲ್ಟಾ ಮಾಡುವಾಗ ಇದರಿಂದ ಭಾಗಿಸುವುದರಿಂದ, ಇದು ಚಿಕ್ಕದಾದಂತೆ ತುದಿಯ ಚಿಕ್ಕ ಚಲನೆಗೂ ಕೀಲು ಭಾರಿ ತಿರುಗಬೇಕಾಗುತ್ತದೆ, ಕೈ ಒದ್ದಾಡುತ್ತದೆ.

ಇದಕ್ಕೆ ಜನ ಬಳಸುವ ಉಪಾಯ ಡ್ಯಾಂಪ್ಡ್ ಲೀಸ್ಟ್ ಸ್ಕ್ವೇರ್ಸ್. ತುದಿಯನ್ನು ಸರಿಯಾಗಿ ಅಲ್ಲಿಗೇ ತಲುಪಿಸಬೇಕು ಅಂತ ಹಟ ಹಿಡಿಯುವ ಬದಲು, ಕೀಲು ಜಾಸ್ತಿ ತಿರುಗಿದ್ದಕ್ಕೂ ಚೂರು ದಂಡ ಹಾಕುವುದು. ಆಗ ಸಿಂಗ್ಯುಲಾರಿಟಿ ಹತ್ತಿರ ಕೈ ನಿಧಾನವಾಗುತ್ತದೆ, ಒದ್ದಾಡುವುದಿಲ್ಲ. ಚಿಕ್ಕ ಕೈಗೆ ಇದೂ ಬೇಡ, ಮೊಣಕೈಯನ್ನು 10 ಡಿಗ್ರಿಗಿಂತ ನೇರ ಮಾಡದ ಹಾಗೆ ಕೆಲಸದ ಜಾಗವನ್ನೇ ಹತ್ತಿರ ಇಟ್ಟುಕೊಳ್ಳಿ.

ಆರು ಕೀಲು

ಕಾರ್ಖಾನೆಯ ಕೈಗಳಲ್ಲಿ ಹೆಚ್ಚಾಗಿ ಆರು ಕೀಲು. ಯಾಕೆಂದರೆ ತುದಿ ಎಲ್ಲಿದೆ ಅನ್ನಲು ಮೂರು ಸಂಖ್ಯೆ, ಯಾವ ಕಡೆ ಮುಖ ಮಾಡಿದೆ ಅನ್ನಲು ಇನ್ನು ಮೂರು ಬೇಕು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ರೋಬೋಟ್ ಕೈ ಯೂನಿಮೇಟ್‌ಗೆ ಐಕೆ ಬೇಕಾಗಿರಲಿಲ್ಲ. ಕೈಯನ್ನು ಬೇಕಾದ ಜಾಗಕ್ಕೆ ಒಯ್ದು ಕೀಲುಗಳ ಸ್ಥಾನ ದಾಖಲಿಸಿಕೊಂಡು, ಆಮೇಲೆ ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದರು. ನಿಮ್ಮ ವಸ್ತು ಯಾವಾಗಲೂ ಅದೇ ಜಾಗದಲ್ಲಿದ್ದರೆ ನೀವೂ ಹಾಗೇ ಮಾಡಿ, ಅದರಲ್ಲಿ ತಪ್ಪೇನೂ ಇಲ್ಲ. ಗಿಡದ ಮೇಲಿನ ಹಣ್ಣು ಹಾಗೆ ನಿಲ್ಲುವುದಿಲ್ಲ, ಅದಕ್ಕೇ ಐಕೆ.

ಕೀಲು ಜಾಸ್ತಿಯಾದಾಗ ಎಫ್‌ಕೆ ಬರೆಯಲು ಒಂದು ಶಿಸ್ತು ಬೇಕು. ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ 1955ರಲ್ಲಿ ಕೊಟ್ಟ ಕ್ರಮ ಇವತ್ತಿಗೂ ನಡೆಯುತ್ತಿದೆ, ಡಿಎಚ್ ಅಂತ ಕರೆಯುತ್ತಾರೆ. ಪ್ರತಿ ಕೀಲಿಗೆ ನಾಲ್ಕೇ ಸಂಖ್ಯೆ: ಲಿಂಕಿನ (ಎರಡು ಕೀಲಿನ ನಡುವಿನ ಪಟ್ಟಿಯ) ಉದ್ದ, ಲಿಂಕಿನ ತಿರುಚು, ಅಕ್ಷದ ಮೇಲಿನ ಜರುಗು, ಕೀಲಿನ ಕೋನ. ನಮ್ಮ ಮೂರು ಕೀಲಿನ ಕೈಗೆ ಬರೆದರೆ, ಪೀಠಕ್ಕೆ ಉದ್ದ 0, ತಿರುಚು 90 ಡಿಗ್ರಿ, ಜರುಗು 6. ಭುಜಕ್ಕೆ ಉದ್ದ 20, ಉಳಿದೆರಡು 0. ಮೊಣಕೈಗೆ ಉದ್ದ 15, ಉಳಿದೆರಡು 0. ಕೋನ ಮಾತ್ರ ಮೂರಕ್ಕೂ ಬದಲಾಗುವಂಥದ್ದು. ಪ್ರತಿ ಸಾಲಿನಿಂದ ಒಂದು ನಾಲ್ಕು-ನಾಲ್ಕರ ಮ್ಯಾಟ್ರಿಕ್ಸ್ ಬರುತ್ತದೆ, ಮೂರನ್ನೂ ಸಾಲಾಗಿ ಗುಣಿಸಿದರೆ ತುದಿ. ಗುಣಿಸುವ ಕ್ರಮ ಬದಲಾಯಿಸಬೇಡಿ. ಇನ್ನೂ ಒಂದು ಎಚ್ಚರ: ಡಿಎಚ್‌ನಲ್ಲಿ ಹಳೆಯದು, ಮಾರ್ಪಡಿಸಿದ್ದು ಅಂತ ಎರಡು ಪದ್ಧತಿ ಇವೆ. ಕೋಷ್ಟಕ ಒಂದರದ್ದು, ಮ್ಯಾಟ್ರಿಕ್ಸ್ ಇನ್ನೊಂದರದ್ದು ತಗೊಂಡರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ.

ಆರು ಕೀಲಿನ ಐಕೆಗೆ 1968ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡೊನಾಲ್ಡ್ ಪೈಪರ್ ದಾರಿ ತೋರಿಸಿದರು. ಅಕ್ಕಪಕ್ಕದ ಮೂರು ಕೀಲಿನ ಅಕ್ಷಗಳು ಒಂದೇ ಬಿಂದುವಿನಲ್ಲಿ ಕೂಡಿದರೆ ಫಾರ್ಮುಲಾ ಸಿಗುತ್ತದೆ. ಅದಕ್ಕೇ ಎಷ್ಟೋ ಕಾರ್ಖಾನೆ ಕೈಗಳ ಮಣಿಕಟ್ಟಿನ ಮೂರೂ ಅಕ್ಷ ಒಂದೇ ಕಡೆ ಕೂಡುತ್ತವೆ. ಆಗ ಸಮಸ್ಯೆ ಎರಡಾಗಿ ಒಡೆಯುತ್ತದೆ. ತುದಿಯಿಂದ ಹಿಂದಕ್ಕೆ ಬಂದು ಮಣಿಕಟ್ಟಿನ ಬಿಂದು ಎಲ್ಲಿರಬೇಕು ಅಂತ ಕಂಡುಹಿಡಿಯಿರಿ, ಮೊದಲ ಮೂರು ಕೀಲಿನಿಂದ ಅದನ್ನು ಅಲ್ಲಿಗೆ ಒಯ್ಯಿರಿ, ಇದು ನೀವು ಆಗಲೇ ಮಾಡಿದ ಲೆಕ್ಕ. ಆಮೇಲೆ ಉಳಿದ ಮೂರರಿಂದ ಮುಖ ತಿರುಗಿಸಿ. ಇಂಥ ಕೈಗೆ ಒಂದೇ ಗುರಿಗೆ ಎಂಟು ಉತ್ತರದವರೆಗೆ ಸಿಗಬಹುದು. ಈಗಿನ ಕೀಲಿನ ಸ್ಥಿತಿಗೆ ಯಾವುದು ಹತ್ತಿರವೋ ಅದನ್ನು ಆರಿಸುವುದು ರೂಢಿ.

ಆರ್‌ಒಎಸ್, ಮೂವ್‌ಇಟ್ ಥರದ ಉಚಿತ ಸಾಫ್ಟ್‌ವೇರ್ ಇದನ್ನೆಲ್ಲ ತಾವೇ ಮಾಡಿಕೊಡುತ್ತವೆ, ಖಂಡಿತ ಬಳಸಿ. ಆದರೆ ಎರಡು ಪಟ್ಟಿಯ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿರಿ. ಇಲ್ಲದಿದ್ದರೆ ಅದು ತಪ್ಪು ಉತ್ತರ ಕೊಟ್ಟ ದಿನ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಾಗುವುದಿಲ್ಲ.

ಕೊನೆಯ ಪರೀಕ್ಷೆ: ಒಂಬತ್ತು ಚುಕ್ಕೆ

ಒಂದು ದಪ್ಪ ಹಾಳೆಯ ಮೇಲೆ 5 ಸೆಂಟಿಮೀಟರ್ ಅಂತರದಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚುಕ್ಕೆ ಹಾಕಿ. ಹಾಳೆಯನ್ನು ಕೈಯ ಮುಂದೆ ಮೇಜಿಗೆ ಅಂಟಿಸಿ. ಕೈಯ ತುದಿಗೆ ಪೆನ್ಸಿಲ್ ಕಟ್ಟಿ. ಪೆನ್ಸಿಲ್ ಕಟ್ಟಿದ ಮೇಲೆ ಉ2 ಬದಲಾಗುತ್ತದೆ, ಮೊಣಕೈ ಕೀಲಿನ ನಡುವಿನಿಂದ ಪೆನ್ಸಿಲ್ ಮೊನೆಗೆ ಮತ್ತೆ ಅಳೆಯಿರಿ. ಪೆನ್ಸಿಲ್ ಪಟ್ಟಿಯ ನೇರಕ್ಕೇ ಇರಲಿ.

ಒಂದೊಂದು ಚುಕ್ಕೆಗೂ ಕೈ ಕಳಿಸಿ, ಮೊನೆ ಎಲ್ಲಿ ಗುರುತು ಹಾಕಿತು ನೋಡಿ. ಎಲ್ಲಾ ಗುರುತುಗಳೂ ಪೀಠದ ಸುತ್ತ ಒಂದೇ ಕಡೆಗೆ ತಿರುಗಿದ ಹಾಗೆ ತಪ್ಪಿದ್ದರೆ ಪೀಠದ ಸೊನ್ನೆ ಸರಿಯಿಲ್ಲ. ದೂರದ ಸಾಲು ಜಾಸ್ತಿ ಮುಂದೆ, ಹತ್ತಿರದ್ದು ಸರಿಯಾಗಿದ್ದರೆ ಮೊಣಕೈ ಸರ್ವೋದ ಡಿಗ್ರಿ ಲೆಕ್ಕ ಅಥವಾ ಪಟ್ಟಿಯ ಉದ್ದ ನೋಡಿ. ದೂರ ಹೋದಷ್ಟೂ ತುದಿ ಕೆಳಗೆ ಕುಸಿಯುತ್ತಿದ್ದರೆ ಅದು ಕೈನೆಮ್ಯಾಟಿಕ್ಸ್ ತಪ್ಪಲ್ಲ, ಭಾರ. ಈ ಲೆಕ್ಕಗಳಿಗೆ ಭಾರ ಅನ್ನುವುದೇ ಗೊತ್ತಿಲ್ಲ. ಅದಕ್ಕೆ ಸರ್ವೋ ಬದಲಾಯಿಸಬೇಕು, ಇಲ್ಲವೇ ಪಟ್ಟಿ ಹಗುರ ಮಾಡಬೇಕು. ಗುರುತುಗಳು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿದ್ದರೆ ಗೇರಿನಲ್ಲಿ ಸಡಿಲ ಇದೆ. ಪ್ರತಿ ಚುಕ್ಕೆಗೂ ಒಂದೇ ದಿಕ್ಕಿನಿಂದ ಬರುವ ಹಾಗೆ ಮಾಡಿದರೆ ಅದು ಸುಮಾರು ಕಮ್ಮಿಯಾಗುತ್ತದೆ.

ಸರ್ವೋಗಳಿಗೆ ಪಲ್ಸ್ ಕಳಿಸಲು ಪಿಸಿಎ9685 ಬೋರ್ಡ್ ಬಳಸುವವರು ಇನ್ನೊಂದು ತಿಳಿದಿರಲಿ. ಅದು 20 ಮಿಲಿಸೆಕೆಂಡನ್ನು 4,096 ಭಾಗ ಮಾಡುತ್ತದೆ, ಒಂದು ಭಾಗ 4.9 ಮೈಕ್ರೋಸೆಕೆಂಡ್. ನಮ್ಮ ಸರ್ವೋಗೆ ಅದು 0.45 ಡಿಗ್ರಿ. ಕೈ ಪೂರ್ತಿ ಚಾಚಿದಾಗ ತುದಿಯಲ್ಲಿ 2.7 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಹೆಜ್ಜೆ ಆ ಬೋರ್ಡಿನಿಂದ ಸಿಗುವುದಿಲ್ಲ, ಎಷ್ಟೇ ಒಳ್ಳೆಯ ಐಕೆ ಬರೆದರೂ.

ಮೂರನೇ ಸಂಜೆ ನಮ್ಮ ಹಾಳೆಯಲ್ಲಿ ಒಂಬತ್ತರಲ್ಲಿ ಏಳು ಗುರುತು ಚುಕ್ಕೆಯಿಂದ 4 ಮಿಲಿಮೀಟರಿನೊಳಗೆ ಬಿದ್ದವು. ದೂರದ ಸಾಲಿನ ಎರಡು ಮಾತ್ರ 9 ಮಿಲಿಮೀಟರ್ ಹತ್ತಿರಕ್ಕೆ ಬಂದು ಬಿದ್ದವು, ಹುಡುಗ ಮೊಣಕೈಯನ್ನು ಬೆರಳಿನಿಂದ ಚೂರು ಎತ್ತಿ ಹಿಡಿದ ತಕ್ಷಣ ಪೆನ್ಸಿಲ್ ಮೊನೆ ಚುಕ್ಕೆಯ ಹತ್ತಿರಕ್ಕೆ ಸರಿಯಿತು. ಭುಜಕ್ಕೆ ಜಾಸ್ತಿ ಶಕ್ತಿಯ ಸರ್ವೋ ಬೇಕು ಅಂತ ಅವನೇ ಬರೆದುಕೊಂಡ.